ಹದಿನೈದು ರೂಪಾಯಿಯಲ್ಲಿ ನಲವತ್ತೈದು ಕೆಜಿ

ತೂಕದ ಯಂತ್ರ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ಮಿಣುಕಿಸುತ್ತ ನಿಂತಿರುತ್ತದಲ್ಲ, ಕಾಸು ಹಾಕಿದರೆ ಚೀಟಿ ಉಗುಳುವ ಯಂತ್ರ, ಅದರ ಮುಂದೆಯೂ ಬಿರಬಿರನೆ ನಡೆದುಬಿಡುತ್ತೇನೆ. ಜೊತೆಯವರು ಯಾರಾದರೂ 'ಎರಡು ಕೆಜಿ ಇಳಿಸ್ಬೇಕು ಕಣೇ' ಅಂದರೆ ನನ್ನ ಬಾಯಿಗೆ ಒಳ್ಳೆಯ ಮಾತು ಬರುವುದಿಲ್ಲ. ಏರಿಸುವುದು ಅಂದರೆ ಏನು ಅಂತ ನಿಮಗೇನು ಗೊತ್ತು ಎಂದು ಕೂಗಿಬಿಡೋಣ ಅನ್ನಿಸುತ್ತದೆ. ಕೂಗುವುದಕ್ಕಿಂತ ಬರೆಯುವುದು ವಾಸಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಾಫಿ ರೇಟು ಪಾತಾಳ ಸೇರಿತ್ತು. ನಾನೂ ಅವ್ವನೂ ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯ ಒಂದು ಎಸ್ಟೇಟಿನ ಕೂಲಿಲೈನಿನಲ್ಲಿದ್ದೆವು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಸಾಹುಕಾರರು ವಾರದ ಆರು ದಿನದ ಕೆಲಸವನ್ನು ಮೂರಕ್ಕೆ ಇಳಿಸಿದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನಗಂತೂ ಅದೂ ಇಲ್ಲ, ಕರೆದ ದಿನ ಹೋಗಬೇಕು, ಇಲ್ಲದ ದಿನ ಕೂತಿರಬೇಕು. ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. 'ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ' ಎಂದು ಅವ್ವ ಬೈಯುತ್ತಿದ್ದಳು. ಬೈದು, ಒಂದು ಗೆರೆಯನ್ನೂ ಎಳೆದಳು: ಇಬ್ಬರ ಊಟಕ್ಕೂ ಸೇರಿ ದಿನಕ್ಕೆ ಹದಿನೈದು ರೂಪಾಯಿ. ಸತ್ತರೂ ಅದಕ್ಕಿಂತ ಹೆಚ್ಚಿಲ್ಲ.

ಹದಿನೈದು ರೂಪಾಯಿಗೆ ಆ ಕಾಲದಲ್ಲಿಯೂ ರಾಜಭೋಗ ಬರುತ್ತಿರಲಿಲ್ಲ. ಕ್ರಾಸಿನಲ್ಲಿ ಒಬ್ಬ ಸಾಹೇಬರ ಅಂಗಡಿ. ಅಲ್ಲಿ ನುಚ್ಚಕ್ಕಿ, ಹುರುಳಿ, ಪೊಟ್ಟಣದಲ್ಲಿ ಎಣ್ಣೆ, ಒಣಸಿಗಡಿ ಪುಡಿ ತರುತ್ತಿದ್ದೆವು. ಬಾಕಿಯೆಲ್ಲ ಬೇಲಿ ಸಾಲಿನ ಸಂಪಾದನೆ. ಮಳೆಗಾಲಕ್ಕೆ ಕೆಸು, ಕಳಲೆ, ಅದೃಷ್ಟವಿದ್ದರೆ ಅಣಬೆ. ಮಳೆ ಬಿಟ್ಟ ಮೇಲೆ ಬಾಳೆದಿಂಡು, ಬಾಳೆಹೂವು, ಒಂದೆಲಗ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದ ಹಲಸಿನ ಬೀಜ. ಬೇಲಿಯ ಜೀರಿಗೆಮೆಣಸು ಎರಡು ಕಿತ್ತು ಉಪ್ಪಿನ ಜೊತೆ ಅರೆದರೆ ಒಂದು ತಟ್ಟೆ ಗಂಜಿ ಇಳಿಯುತ್ತಿತ್ತು. ಖಾರಕ್ಕೆ ಬಾಯಿ ಉರಿದು ನೀರು ಕುಡಿಯುವುದು, ನೀರು ಕುಡಿದು ಹೊಟ್ಟೆ ತುಂಬುವುದು. ಇದನ್ನು ಅಡುಗೆಯ ಜಾಣತನ ಎಂದು ಈಗಿನವರು ಹೊಗಳುತ್ತಾರೆ. ಜಾಣತನವೂ ಇಲ್ಲ, ಮಣ್ಣೂ ಇಲ್ಲ. ಹಸಿವು ಅಷ್ಟೆ.

ಕಾಫಿ ಮಾತ್ರ ಬೇಕಾದಷ್ಟಿತ್ತು. ಗಿಡದ ಬುಡದಲ್ಲಿ ಉದುರಿ ಉಳಿದ ಬೀಜ ಹೆಕ್ಕಿ, ಒಣಗಿಸಿ, ಕುಟ್ಟಿ, ಹಂಚಿನಲ್ಲಿ ಕರ್ರಗೆ ಹುರಿಯುತ್ತಿದ್ದಳು ಅವ್ವ. ಅದಕ್ಕೊಂದು ಚೂರು ಬೆಲ್ಲ. ಆ ಕರಿ ಕಾಫಿ ಕುಡಿದರೆ ಮಧ್ಯಾಹ್ನದವರೆಗೂ ಹಸಿವು ತಲೆ ಎತ್ತುವುದಿಲ್ಲ, ಆದರೆ ಎದೆ ಡವಡವ ಅನ್ನುತ್ತದೆ. ಆ ವರ್ಷಗಳಲ್ಲಿ ನನಗೆ ಸದಾ ಏನೋ ಆಗಲಿದೆ ಅನ್ನುವ ಚಡಪಡಿಕೆ ಇತ್ತಲ್ಲ, ಅದರಲ್ಲಿ ಅರ್ಧ ಆ ಕಾಫಿಯದೇ ಇರಬೇಕು.

ಆಗ ಏನೋ ಆಯಿತು ನೋಡಿ. ಮಳೆ ಬಿಡುವ ಹೊತ್ತಿಗೆ ಸಾಹೇಬರು ಹುರುಳಿ ಕಟ್ಟಲು ಪೇಪರ್ ಹರಿಯಹೊರಟವರು ಹರಿಯದೆ ನನ್ನ ಕಡೆ ಚಾಚಿದರು. "ಓದಮ್ಮ, ನಿನ್ನಂಥೋರಿಗೆ ಕರೆದಿದಾರೆ." ಮಹಿಳಾ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆ. ಅಂಗಡಿಯ ಹಲಗೆಗೆ ಒರಗಿ ಓದಿದೆ. ಓದು ಸಾಕಿತ್ತು. ಎತ್ತರವೂ ಸಾಕಿತ್ತು, ಅಪ್ಪನ ಹಾಗೆ ಗಳದಂತೆ ಬೆಳೆದಿದ್ದೆ. ವಯಸ್ಸು ಆ ಸಲಕ್ಕೆ ಮಾತ್ರ ಸರಿಯಿತ್ತು, ಮತ್ತೆ ಕರೆಯುವಷ್ಟರಲ್ಲಿ ಮೀರುತ್ತಿತ್ತು. ಕೊನೆಗೊಂದು ಸಾಲು: ತೂಕ ಕನಿಷ್ಠ ನಲವತ್ತೈದು ಕೆಜಿ.

"ನಿನ್ನ ತೂಕ ಎಷ್ಟಮ್ಮ?" ಎಂದರು ಸಾಹೇಬರು.

ನನಗೆ ಗೊತ್ತಿರಲಿಲ್ಲ. ನಮ್ಮ ಲೈನಿನಲ್ಲಿ ಕಾಫಿ ಹಣ್ಣಿನ ತೂಕ ಕೇಳಿದರೆ ಎಲ್ಲರೂ ಹೇಳುತ್ತಿದ್ದರು, ತಮ್ಮ ತೂಕ ಯಾರಿಗೂ ಗೊತ್ತಿರಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಒಲೆ ಊದುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೆಲಸ ಸಿಕ್ಕಿದರೆ ತಿಂಗಳು ತಿಂಗಳು ಸಂಬಳ. ಲೈನಿನ ಮನೆ ಬಿಟ್ಟು ಹೋಗಬಹುದು. ಸಾಹುಕಾರರು ಎಸ್ಟೇಟು ಮಾರುತ್ತಾರಂತೆ, ಕೊಳ್ಳುವವರು ಲೈನು ಖಾಲಿ ಮಾಡಿಸುತ್ತಾರಂತೆ ಎಂಬ ಮಾತು ಆಗ ದಿನಾ ಹರಿದಾಡುತ್ತಿತ್ತು. "ನಾಳೆ ಬಟವಾಡೆ, ರೈಟ್ರ ಹತ್ರ ತೂಗ್ಸನ" ಎಂದಳು.

ರೈಟರೆಂದರೆ ಎಸ್ಟೇಟಿನ ಲೆಕ್ಕ ನೋಡುವ ಗುಮಾಸ್ತರು. ಐವತ್ತು ದಾಟಿದ, ಎಲೆಅಡಿಕೆ ಬಾಯಿಯ, ಕೆಟ್ಟವರೇನಲ್ಲದ ಮನುಷ್ಯ. ಕಣದ ಪಕ್ಕದ ಗೋದಾಮಿನ ತೊಲೆಗೆ ಗೋಡೆ ಗಡಿಯಾರದಂಥ ದುಂಡು ತಕ್ಕಡಿ ನೇತುಹಾಕಿತ್ತು, ಅದರ ಕೆಳಗೊಂದು ಕೊಕ್ಕೆ. ಹಣ್ಣಿನ ಮೂಟೆಗಳನ್ನು ಅದಕ್ಕೇ ಸಿಕ್ಕಿಸುವುದು. ರೈಟರು ಸ್ಟೂಲಿನ ಮೇಲೆ ನಿಂತು ಮುಳ್ಳು ನೋಡಿ ಕೂಗಿ ಹೇಳುವುದು. ನಾನು ಎರಡೂ ಕೈಯಲ್ಲಿ ಕೊಕ್ಕೆ ಹಿಡಿದು ಕಾಲು ಮೇಲಕ್ಕೆತ್ತಿ ಜೋತುಬಿದ್ದೆ. ವಾರದ ಕೂಲಿಯ ಬಟವಾಡೆಗೆ ಬಂದ ಹೆಂಗಸರೆಲ್ಲ ಸುತ್ತ ಸೇರಿದರು.

"ಬಾವಲಿ ಬಂದದೆ ನೋಡ್ರೇ!"

"ಪೊಲೀಸಂತೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ."

"ಅಲ್ಲಾಡ್ಬೇಡ ಹುಡ್ಗಿ, ಮುಳ್ಳು ನಿಲ್ಬೇಕಲ್ಲ" ಎಂದು ರೈಟರು ಗದರಿದರು. ಅಲ್ಲಾಡದೆ ಇರುವುದೇ ನನಗೆ ಕಷ್ಟ. ಉಸಿರು ಬಿಗಿಹಿಡಿದೆ. "ಮೂವತ್ತೆಂಟು" ಎಂದರು.

ನನ್ನ ಕೈ ಜಾರಿತು. ಏಳು ಕೆಜಿ ಕಡಿಮೆ! ಅರ್ಜಿ ಹಾಕಿದ ಮೇಲೆ ದೈಹಿಕ ಪರೀಕ್ಷೆಗೆ ಮೂರು ತಿಂಗಳಿರಬಹುದೆಂದು ಅಂದಾಜು. ಕಾಫಿ ಹಣ್ಣಿನ ಮೂಟೆಯಾದರೆ ಇನ್ನೊಂದು ಬುಟ್ಟಿ ತುಂಬಬಹುದು, ಮೈಗೆ ಏನು ತುಂಬುವುದು? ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ, ಕೆಸುವಿನೆಲೆಯ ಮೇಲೂ ಸಿಟ್ಟು ಬಂತು.

ಯಾಕೆಂದರೆ ಸೊಪ್ಪು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದ ಬೇಲಿಸಾಲು ಈಗ ಕೆಲಸಕ್ಕೆ ಬಾರದ್ದಾಯಿತು. ಎಲ್ಲರೂ ಬುದ್ಧಿ ಹೇಳುವವರೇ. ರೈಟರು ಹಲಸಿನ ಬೀಜ ತಿನ್ನು ಅಂದರು, ಅದಕ್ಕಿಂತ ಭಾರದ ವಸ್ತು ಲೋಕದಲ್ಲಿಲ್ಲವಂತೆ. ತಿಂದೆ. ತೂಕ ಏರಲಿಲ್ಲ, ಗಾಳಿ ಏರಿತು, ನನ್ನ ಪಕ್ಕ ಕೂರುವುದಕ್ಕೆ ಅವ್ವನೂ ಹೆದರುವಂತಾಯಿತು. ಪಕ್ಕದ ಮನೆಯಾಕೆ ಗಂಜಿಯ ತಿಳಿ ಬಸಿಯಬೇಡ, ಅದರಲ್ಲೇ ಸತ್ವ ಅಂದಳು. ನಾವು ಯಾವತ್ತು ಬಸಿದಿದ್ದೆವು! ಸಾಹೇಬರು ಮಾತ್ರ ಕೆಲಸಕ್ಕೆ ಬರುವ ಮಾತಾಡಿದರು. "ಕಡಲೆಬೀಜ ನೀರಿಗೆ ಹಾಕಿ, ಬೆಳಿಗ್ಗೆ ಬೆಲ್ಲದ ಜೊತೆ ತಿನ್ನಮ್ಮ. ನಮ್ಮ ಹುಡುಗರು ಹಂಗೇ ಮೈ ಮಾಡ್ಕೊಂಡಿದ್ದು." ಗೋಣಿಯ ತಳದಲ್ಲಿ ಉಳಿಯುವ ಒಡಕು ಬೀಜವನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು. ಬಿಟ್ಟಿ ಕೊಡಲು ಬಂದರೆ ನಾನು ತೆಗೆದುಕೊಳ್ಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಕಡಲೆಬೀಜಕ್ಕೆ ದುಡ್ಡು ಬೇಕಲ್ಲ. ಹದಿನೈದರ ಗೆರೆ ದಾಟುವಂತಿಲ್ಲ. ಅವ್ವ ಎಣ್ಣೆ ನಿಲ್ಲಿಸಿದಳು. ಒಗ್ಗರಣೆಯ ಚುಂಯ್ ಶಬ್ದ ಇಲ್ಲದ ಅಡುಗೆಮನೆ ಎಷ್ಟು ಬಣಬಣ ಅನ್ನುತ್ತದೆ ಅಂತ ನನಗೆ ಆಗ ತಿಳಿಯಿತು. ಬರೀ ಹುರುಳಿಕಟ್ಟಿನ ಸಾರು, ಮೇಲೆ ಉಪ್ಪು. ನಮಗೊಂದು ಹೇಂಟೆ ಇತ್ತು. ಅದರ ಮೊಟ್ಟೆ ಅದುವರೆಗೆ ಸಾಹೇಬರ ಅಂಗಡಿಗೆ ಹೋಗಿ ಉಪ್ಪು, ಸೋಪು ಆಗಿ ಬರುತ್ತಿತ್ತು. ಇನ್ನು ಮೇಲೆ ಮೊಟ್ಟೆ ನನ್ನ ತಟ್ಟೆಗೆ.

ಇದರ ಮೇಲೆ ಇನ್ನೊಂದು ಪೀಕಲಾಟ. ತೂಕ ಪಾಸಾದರೆ ಸಾಲದು, ಓಟವೂ ಇತ್ತು. ಓಡಿ ಅಭ್ಯಾಸ ಮಾಡದಿದ್ದರೆ ಓಟದಲ್ಲಿ ಫೇಲು, ಓಡಿದರೆ ತಿಂದದ್ದು ಕರಗಿ ತೂಕದಲ್ಲಿ ಫೇಲು. ಬೆಳಗ್ಗೆ ಮಂಜಿನಲ್ಲಿ ದೇವರಮನೆ ರಸ್ತೆಯ ಏರು ಹತ್ತುತ್ತ, ಈ ಹೆಜ್ಜೆಗೆ ಎಷ್ಟು ಕಡಲೆಬೀಜ ಹೋಯಿತು ಅಂತಲೇ ನನ್ನ ಯೋಚನೆ. ನಿಂತರೆ ಓಡಬೇಕು ಅನ್ನಿಸುವುದು, ಓಡಿದರೆ ನಿಲ್ಲಬೇಕು ಅನ್ನಿಸುವುದು. ಮನೆಗೆ ಬಂದ ಮೇಲೂ ಕಾಲು ಕುಣಿಸುತ್ತಲೇ ಕೂರುತ್ತಿದ್ದೆ. ಅವ್ವ ತೊಡೆಗೆ ಫಟ್ಟನೆ ಹೊಡೆದು, "ಕಾಲು ಕುಣಿಸ್ಬೇಡ, ಮೊಟ್ಟೆ ಕರ್ಗಿ ಹೋಗ್ತದೆ" ಎನ್ನುತ್ತಿದ್ದಳು. ತಮಾಷೆಗೆ ಹೇಳಿದ್ದಲ್ಲ ಅದು.

ಪ್ರತಿ ಬಟವಾಡೆಗೂ ಕೊಕ್ಕೆಗೆ ಜೋತುಬೀಳುವುದು ಲೈನಿಗೆಲ್ಲ ಒಂದು ಆಟವಾಯಿತು. ಮೂವತ್ತೊಂಬತ್ತು ಅಂದರೆ ಹೋ ಅನ್ನುತ್ತಿದ್ದರು. ನಲವತ್ತು ದಾಟಿದ ದಿನ ನನ್ನನ್ನು ಬಾವಲಿ ಅಂದಾಕೆಯೇ ಒಂದು ಬಾಳೆಚಿಪ್ಪು ತಂದುಕೊಟ್ಟಳು. ಹಣ್ಣು ಕೊಯ್ಲು ಶುರುವಾಗಿ ಎಲ್ಲರಿಗೂ ದಿನಾ ಕೆಲಸ ಸಿಕ್ಕಿತ್ತು, ಕೈ ಸ್ವಲ್ಪ ಸಡಿಲವಾಗಿತ್ತು. ಆದರೆ ಅವ್ವ ಗೆರೆ ಅಳಿಸಲಿಲ್ಲ. ಚಿಕ್ಕಮಗಳೂರಿಗೆ ಹೋಗಿಬರುವ ಖರ್ಚು, ಓಡಲು ಒಂದು ಜೊತೆ ಕ್ಯಾನ್‌ವಾಸ್ ಶೂ, ಮುಂದೆ ಟ್ರೇನಿಂಗಿಗೆ ಕರೆದರೆ ಪೆಟ್ಟಿಗೆ, ಬಟ್ಟೆ. ಮನಸ್ಸಿನಲ್ಲಿ ಅವಳು ಆಗಲೇ ನನ್ನನ್ನು ಕಳಿಸಿಯಾಗಿತ್ತು.

ನಲವತ್ತೆರಡಕ್ಕೆ ಬಂದು ಮುಳ್ಳು ನಿಂತುಬಿಟ್ಟಿತು. ಒಂದು ವಾರ, ಇನ್ನೊಂದು ವಾರ, ಅದೇ ನಲವತ್ತೆರಡು. ಪರೀಕ್ಷೆಯ ಕಾಗದವೂ ಬಂತು.

ಆಗಲೇ ಅವ್ವನ ಕಳ್ಳಾಟ ನನ್ನ ಕಣ್ಣಿಗೆ ಬಿದ್ದದ್ದು. ನಾನು ಓಡಿ ಬಂದು ಉಣ್ಣುವಾಗ ಅವಳು "ನಂದಾಯ್ತು" ಎನ್ನುತ್ತಿದ್ದಳು. ಒಂದು ದಿನ ಓಟ ಅರ್ಧಕ್ಕೆ ಬಿಟ್ಟು ಬೇಗ ಬಂದೆ. ಅವ್ವ ಒಲೆಯ ಮುಂದೆ ಕರಿ ಕಾಫಿ ಹಿಡಿದು ಕೂತಿದ್ದಾಳೆ. ಪಾತ್ರೆಯಲ್ಲಿ ಇದ್ದದ್ದು ಒಬ್ಬರ ಅನ್ನ.

"ನಿನ್ನ ಊಟ ಎಲ್ಲಿ?"

"ಆಯ್ತು ಅಂದ್ನಲ್ಲ."

"ಯಾವ ತಟ್ಟೆಲಿ? ಎರಡೂ ತಟ್ಟೆ ಒಣಗಿ ಕೂತವೆ. ಸುಳ್ಳು ಹೇಳ್ಬೇಡ ಅವ್ವ."

"ಹೊಟ್ಟೆ ಸರಿಯಿಲ್ಲ ಕಣೆ. ತೋಟದಲ್ಲಿ ಯಾರೋ ಕಡುಬು ಕೊಟ್ರು. ಎಂತ ಪೊಲೀಸಿನ ಹಂಗೆ ಕೇಳ್ತೀಯ, ಇನ್ನೂ ಆಗಿಲ್ಲ ನೀನು!"

ನಾನು ತಟ್ಟೆ ದೂಡಿದೆ. ನೀನು ಉಣ್ಣದೆ ನಾನು ಉಣ್ಣುವುದಿಲ್ಲ ಎಂದು ಕೂತೆ. ನನ್ನ ಹಟ ಯಾರಿಂದ ಬಂತು ಅಂತ ಆವತ್ತು ಗೊತ್ತಾಯಿತು, ಅವಳೂ ಅಲುಗಲಿಲ್ಲ. ಅನ್ನ ಆರಿ ತಣ್ಣಗಾಯಿತು. ಕೆಲಸಕ್ಕೆ ಹೋಗುವ ಗಂಟೆ ಹೊಡೆಯಿತು. ಅವ್ವ ಎದ್ದು, ಸೊಂಟಕ್ಕೆ ಗೋಣಿತಾಟು ಕಟ್ಟಿಕೊಳ್ಳುತ್ತ ಹೇಳಿದಳು: "ನಂಗೇನು ಪೊಲೀಸಾಗೋದಿದ್ಯ? ನನ್ನ ತೂಕ ಯಾವ ಸರ್ಕಾರ ಕೇಳ್ತದೆ? ಉಣ್ಣು. ನೀನು ಈ ಲೈನಲ್ಲೇ ಮುದುಕಿ ಆದ್ರೆ ನಂಗೆ ಸಾಯಕ್ಕೂ ಸಮಾಧಾನ ಇರಲ್ಲ." ಹೊರಟುಹೋದಳು. ನಾನು ಅಳುತ್ತ ಉಂಡೆ, ಬೈಯುತ್ತ ಉಂಡೆ. ಆಮೇಲೆ ದಿನಾ ಅವಳ ತಟ್ಟೆಗೆ ನಾನೇ ಬಡಿಸಿ ಎದುರು ಕೂರುತ್ತಿದ್ದೆ. ಕೂತರೆ ಎರಡು ತುತ್ತು ತಿನ್ನುತ್ತಿದ್ದಳು. ಅವಳು ತೋಟದಲ್ಲಿದ್ದ ಹೊತ್ತನ್ನು ನಾನು ಕಾಯುವುದು ಹೇಗೆ?

ಪರೀಕ್ಷೆಯ ದಿನ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋದೆ. ಇನ್ನೂ ಮೂರು ಕೆಜಿ ಕಡಿಮೆ ಎಂಬುದೇ ತಲೆಯಲ್ಲಿ. ಬಸ್ಸಿನಲ್ಲಿ ಬಾಳೆಹಣ್ಣು ತಿನ್ನಲು ಶುರುಮಾಡಿದವಳು ಮೈದಾನದ ಗೇಟಿನವರೆಗೂ ತಿಂದೆ. ಒಂದಿಡೀ ಚಿಪ್ಪು. ಮೇಲೆ ಬಾಟಲಿ ನೀರು, ಅದು ಮುಗಿದ ಮೇಲೆ ನಲ್ಲಿಯ ನೀರು. ಅಲ್ಲಿ ನನ್ನಂಥ ಸಣಕಲಿಯರು ಇನ್ನೂ ಎಷ್ಟೋ ಜನ, ಎಲ್ಲರ ಕೈಯಲ್ಲೂ ಬಾಳೆಹಣ್ಣೇ. ಗೇಟಿನ ಹೊರಗೆ ಸಿಪ್ಪೆಯ ರಾಶಿ. ನೀರು ಗಂಟಲವರೆಗೆ ಬಂದಿತ್ತು. ಬಗ್ಗಿದರೆ ಹೊರಗೆ ಬರುತ್ತದೆ ಅಂತ ಸೆಟೆದು ನಿಂತಿದ್ದೆ.

ನನ್ನ ಸರದಿ ಬಂತು. ನೆಲದ ಮೇಲಿಟ್ಟ ಪುಟ್ಟ ಯಂತ್ರ. ಹತ್ತಿದೆ, ಕಣ್ಣು ಮುಚ್ಚಿದೆ, ಊರಿನ ದೇವರಿಗೆಲ್ಲ ಕೈಮುಗಿದೆ.

"ನಲವತ್ತಾರೂವರೆ. ಮುಂದೆ ಹೋಗಮ್ಮ" ಎಂದರು ಬರೆದುಕೊಳ್ಳುತ್ತಿದ್ದ ಮೇಡಂ.

"ಮೇಡಂ, ಇನ್ನೊಂದ್ಸಲ ನೋಡಿ" ಎಂದು ಬಾಯಿ ತಪ್ಪಿ ಬಂತು.

ಅವರು ತಲೆ ಎತ್ತಿ, "ಕಮ್ಮಿ ಬಂದೋರು ಇನ್ನೊಂದ್ಸಲ ಅಂತಾರೆ. ನಿಂಗೇನಮ್ಮ ಬಂತು? ಇಳಿ ಇಳಿ" ಎಂದು ನಕ್ಕರು.

ಇಳಿದೆ. ಕಾಲು ನೆಲದ ಮೇಲಿರಲಿಲ್ಲ. ಬಾಳೆಹಣ್ಣಿಗೂ ನೀರಿಗೂ ಅಷ್ಟು ತೂಕವೇ ಎಂದು ಅಚ್ಚರಿಪಡುವಷ್ಟರಲ್ಲಿ ಓಟಕ್ಕೆ ಕರೆದರು. ಆ ಬಾಳೆಹಣ್ಣು ನನ್ನ ಜೀವ ತೆಗೆಯಿತು ಅಂತಲೇ ಇಟ್ಟುಕೊಳ್ಳಿ. ಪ್ರತಿ ಹೆಜ್ಜೆಗೂ ಹೊಟ್ಟೆಯಲ್ಲಿ ಕೊಡ ಕುಲುಕಿದ ಹಾಗೆ ಸದ್ದು. ಅರ್ಧ ದಾರಿಯಲ್ಲಿ ಕಣ್ಣು ಕತ್ತಲಿಟ್ಟಿತು. ಹಿಂದಿನವರು ಒಬ್ಬೊಬ್ಬರೇ ಮುಂದಾದರು. ತೂಕ ಗೆದ್ದು ಓಟದಲ್ಲಿ ಸೋತು ಹೋದರೆ ಅವ್ವನಿಗೆ ಏನು ಹೇಳಲಿ ಎಂಬುದೊಂದೇ ಯೋಚನೆ. ಹಲ್ಲು ಕಚ್ಚಿ ಗೆರೆ ದಾಟಿದೆ, ದಾಟಿದ್ದೇ ಸುಣ್ಣದ ಗೆರೆಯ ಪಕ್ಕದಲ್ಲೇ ತಿಂದದ್ದನ್ನೆಲ್ಲ ಕಾರಿದೆ. ಗಡಿಯಾರ ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿದು, "ಪಾಸಮ್ಮ, ಪಾಸು! ಆ ಕಡೆ ಹೋಗು ಮಾರಾಯ್ತಿ" ಎಂದರು. ಉಳಿದದ್ದು ಅಂಕದ ಲೆಕ್ಕ. ಅದರ ಭಯ ನನಗಿರಲಿಲ್ಲ.

ಎಸ್ಟೇಟಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಕಣದಲ್ಲಿ ಹಣ್ಣು ತೂಗುವ ಗದ್ದಲ. ಅವ್ವ ತನ್ನ ಮೂಟೆಯ ಪಕ್ಕ ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ದೂರದಿಂದಲೇ ಕೂಗಿದೆ, "ಪಾಸು! ನಲವತ್ತಾರೂವರೆ!" ಹೆಂಗಸರೆಲ್ಲ ಎದ್ದು ಬಂದು ಮುತ್ತಿಕೊಂಡರು. ಅವ್ವ ಏಳಲಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದು ಕೂತೇ ಇದ್ದಳು. ರೈಟರು ಸ್ಟೂಲಿನಿಂದ ಇಳಿದು, "ಅದು ಹೆಂಗಾಗ್ತದೆ? ಹೋದ ಬಟವಾಡೆಗೆ ನಾನೇ ನೋಡಿದೀನಿ, ಮುಳ್ಳು ನಲವತ್ತೈದಕ್ಕಿತ್ತು. ಮೂರು ಹೋಗಿ ನಲವತ್ತೆರಡು..." ಎಂದವರು ಅಲ್ಲಿಗೇ ನಿಂತರು.

"ಮೂರು ಎಂತಕ್ಕೆ ಹೋಯ್ತು ರೈಟ್ರೆ?" ಎಂದೆ.

ಹಣ್ಣಿನ ಮೂಟೆಗೆ ಎಸ್ಟೇಟಿನಲ್ಲಿ ಅದೊಂದು ಪದ್ಧತಿ. ಚೀಲಕ್ಕೊಂದು ಕೆಜಿ, ನೀರು, ಎಲೆ, ಕಡ್ಡಿಗೆ ಎರಡು ಕೆಜಿ ಕಳೆದು ಹೇಳಬೇಕು. ಸಾಹುಕಾರರ ಅಪ್ಪಣೆ. ಮೂವತ್ತು ವರ್ಷ ಅದನ್ನೇ ಮಾಡಿ, ಕಣ್ಣು ಒಂದು ನೋಡಿದರೆ ಬಾಯಿ ಇನ್ನೊಂದು ಹೇಳುವುದು ಅವರಿಗೆ ರೂಢಿಯಾಗಿತ್ತು. ನನ್ನಲ್ಲಿ ಚೀಲವೂ ಇಲ್ಲ, ಎಲೆಯೂ ಇಲ್ಲ, ಕಡ್ಡಿಯೂ ಇಲ್ಲ ಎಂಬುದು ಅವರಿಗೂ ಹೊಳೆದಿರಲಿಲ್ಲ, ಕೆಳಗೆ ನಿಂತು ನೋಡುತ್ತಿದ್ದ ನಮಗ್ಯಾರಿಗೂ ಹೊಳೆದಿರಲಿಲ್ಲ. "ಅಯ್ಯೋ ಶಿವನೇ, ಬಾಯಿಗೆ ಬಂದ್ಬಿಡ್ತದೆ ಮಾರಾಯ್ತಿ, ಬೇಕು ಅಂತ ಮಾಡಿದ್ದಲ್ಲ" ಎಂದು ಹಣೆ ಹಣೆ ಚಚ್ಚಿಕೊಂಡರು.

ಹೆಂಗಸರು ಬಿದ್ದು ಬಿದ್ದು ನಕ್ಕರು. ಅವ್ವನೂ ನಕ್ಕಳು. ನನಗೆ ಮಾತ್ರ ಮೈಯೆಲ್ಲ ಬೆಂಕಿ. ಮುಳ್ಳು ನಿಂತುಹೋಯಿತು ಅಂತ ನಾವು ಒದ್ದಾಡಿದ ಅಷ್ಟೂ ದಿನ ನಾನು ನಲವತ್ತೈದೇ ಇದ್ದೆ. ಆ ದಿನಗಳಲ್ಲಿ ಅವ್ವ ನನಗಾಗಿ ಬಿಟ್ಟ ಊಟ ಯಾರಿಗೂ ಬೇಕಿರಲಿಲ್ಲ. ನನಗೂ. "ಬಾ ಅವ್ವ, ನೀನು ಕೊಕ್ಕೆ ಹಿಡ್ಕೊ" ಎಂದೆ.

"ಹುಚ್ಚು ಹಿಡೀತಾ? ನನ್ನ ತೂಗಿ ಎಂತ ಮಾರಕ್ಕೆ ಹಾಕ್ತೀಯ?"

ಬಿಡಲಿಲ್ಲ. ಕೈ ಹಿಡಿದು ಎಬ್ಬಿಸಿ ಎಳೆದುಕೊಂಡೇ ಹೋದೆ. ಎಳೆಯುವಾಗಲೇ ನನ್ನ ಕೈಗೆ ಗೊತ್ತಾಯಿತು. ಅವ್ವ ನಾಚಿಕೊಂಡು ನಗುತ್ತಲೇ ಕೊಕ್ಕೆ ಹಿಡಿದು ಕಾಲೆತ್ತಿದಳು. ಅವಳು ನನ್ನ ಹಾಗೆ ಅಲ್ಲಾಡಲಿಲ್ಲ, ಮುಳ್ಳು ತಕ್ಷಣ ನಿಂತಿತು.

"ಇದ್ದದ್ದು ಇದ್ದ ಹಾಗೆ ಹೇಳಿ ರೈಟ್ರೆ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಮೂವತ್ತಾರು" ಎಂದರು ಮೆಲ್ಲಗೆ.

ಅವ್ವ ಕೆಳಗೆ ಇಳಿದು ಸೆರಗು ಸರಿಮಾಡಿಕೊಂಡಳು. "ಆಯ್ತಲ್ಲ ನಿನ್ನ ಆಟ? ಬಿಡ್ರೇ, ಕತ್ತಲಾಯ್ತು. ನನ್ನ ಹಣ್ಣು ತೂಗಿ ರೈಟ್ರೆ" ಎಂದಳು. ದಿಬ್ಬದ ಮೇಲಿನ ತೋಟದಿಂದ ಅವಳು ತಲೆಯ ಮೇಲೆ ಹೊತ್ತು ತಂದ ಮೂಟೆಯನ್ನು ಇಬ್ಬರು ಎತ್ತಿ ಕೊಕ್ಕೆಗೆ ಸಿಕ್ಕಿಸಿದರು. ರೈಟರು ಮುಳ್ಳು ನೋಡಿದರು. ಪಾಪ, ಅವರ ಬಾಯಿ ಆಗಲೂ ತನ್ನ ರೂಢಿಯನ್ನೇ ಮಾಡಿತು, ಮೂರು ಕಳೆದೇ "ನಲವತ್ತೊಂದು" ಎಂದಿತು.

ಕಳೆದ ಮೇಲೂ ಅದು ಅವ್ವನಿಗಿಂತ ಭಾರವಿತ್ತು.